ತಿನ್ನುವ ಬಾಯಿಲ್ಲದ ಹುಲ್ಲು

ಮೇ ತಿಂಗಳಲ್ಲಿ ಫರೀದಾಬಾದಿನಲ್ಲಿ ಹುಲ್ಲು ಕತ್ತರಿಸುವುದಿದ್ದರೆ ಬೆಳಗ್ಗೆ ಏಳರೊಳಗೆ ಮುಗಿಸಿಬಿಡಬೇಕು. ಹತ್ತರ ಮೇಲೆ ಅಂಗಳಕ್ಕಿಳಿದವರನ್ನು ಇಲ್ಲಿನವರು ಹುಚ್ಚರು ಅನ್ನುವುದಿಲ್ಲ, ‘ಬೆಂಗಳೂರಿನವರಿರಬೇಕು’ ಅನ್ನುತ್ತಾರೆ. ನಾನು ಗದಗ ಕಡೆಯವಳು ಎಂದು ಎಷ್ಟು ಹೇಳಿದರೂ ಅಷ್ಟೇ. ವಿಂಧ್ಯದಾಚೆ ಅವರ ಲೆಕ್ಕಕ್ಕೆ ಬೆಂಗಳೂರು, ಮದ್ರಾಸು ಎರಡೇ ಊರು.

ನಮ್ಮ ಮಾಲಿ ಹುಲ್ಲು ಕತ್ತರಿಸುವ ಕೈಯಂತ್ರವನ್ನು ಗಡಗಡ ತಳ್ಳಿಕೊಂಡು ಬಂದನೆಂದರೆ ಪಕ್ಕದ ಮನೆಯ ತಾಊಜಿ (ಇಲ್ಲಿಯವರ ‘ದೊಡ್ಡಪ್ಪ’) ಕಾಂಪೌಂಡ್ ಗೋಡೆಗೆ ಮೊಣಕೈ ಊರಿದರೆಂದೇ ತಿಳಿಯಿರಿ. ಯಮುನೆಯ ದಂಡೆಗೆ ಮೋಹನಾ ಕಡೆಯ ಹಳ್ಳಿಯವರು; ಮಗ ಸೆಕ್ಟರಿನಲ್ಲಿ ಮನೆ ಮಾಡಿದ ಮೇಲೆ ಇಲ್ಲಿಗೆ ಬಂದಿದ್ದಾರೆ. ನಳದ ನೀರು ಬಿಟ್ಟು, ಗೊಬ್ಬರ ಹಾಕಿ, ಬೆಳೆದದ್ದನ್ನು ಕೂಲಿ ಕೊಟ್ಟು ಕತ್ತರಿಸಿ, ಕಡೆಗೆ ಕಸದ ಗಾಡಿಗೆ ಸುರಿಯುವ ನಮ್ಮ ಲಾನಿನ ವ್ಯವಹಾರ ಅವರಿಗೆ ಇವತ್ತಿಗೂ ಬಗೆಹರಿದಿಲ್ಲ. ‘ಅಲ್ಲ ಬೇಟಿ, ಇದನ್ನ ತಿನ್ನುವವರು ಯಾರು?’ ಎಂದು ಕೇಳುತ್ತಾರೆ. ಏನು ಹೇಳುವುದು? ಕಣ್ಣು ತಿನ್ನುತ್ತದೆ ಅಂದರೆ ನಗುತ್ತಾರೆ.

ಆ ಯಂತ್ರದ ಹುಟ್ಟೇ ಹಾಗಿದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲೆದ್ದ ಎಳೆಗಳನ್ನು ನುಣ್ಣಗೆ ಸವರುವ ಗಿರಣಿ ಯಂತ್ರ ನೋಡಿ ಹೊಳೆದ ಉಪಾಯವಂತೆ. ಇದನ್ನು ಹೇಳಿದಾಗ ತಾಊಜಿ, ‘ಹಾಗನ್ನು, ದರ್ಜಿಯ ಕೆಲಸ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಜಹಾಂಗೀರನ ಖಜಾಂಚಿ ಶೇಖ್ ಫರೀದ್ 1607ರಲ್ಲಿ ಕಟ್ಟಿಸಿದ ಊರು ಈ ಫರೀದಾಬಾದ್. ದೇಶ ಇಬ್ಭಾಗವಾದಾಗ ವಾಯವ್ಯ ಗಡಿಯಿಂದ ಓಡಿಬಂದವರಿಗೆ ಇಲ್ಲಿ ನೆಲೆ ಸಿಕ್ಕಿತು, ಬೆನ್ನಿಗೇ ಕಾರ್ಖಾನೆಗಳು ಬಂದವು. ಹಾಗೆಂದು ಹಳ್ಳಿ ಜಾಗ ಖಾಲಿ ಮಾಡಲಿಲ್ಲ. 2015ರಲ್ಲಿ ಮೆಟ್ರೋ ಬಂದಾಗ ಅದರ ಕೊನೆಯ ನಿಲ್ದಾಣಕ್ಕೆ ‘ಎಸ್ಕಾರ್ಟ್ಸ್ ಮುಜೇಸರ್’ ಎಂದು ಹೆಸರಿಟ್ಟರು. ಮೊದಲನೆಯದು ಟ್ರಾಕ್ಟರ್ ಕಂಪನಿ, ಎರಡನೆಯದು ಹಳ್ಳಿ.

ಒಂದು ಭಾನುವಾರ ತಾಊಜಿ ನಮ್ಮನ್ನು ಅವರ ಊರಿಗೆ ಕರೆದೊಯ್ದರು, ನಿಜವಾದ ಹುಲ್ಲು ಕೊಯ್ಲು ತೋರಿಸುತ್ತೇನೆಂದು. ನಾವು ಮುಟ್ಟುವ ಹೊತ್ತಿಗೆ ಹೆಂಗಸರು ಅರ್ಧ ಹೊಲ ಬೋಳು ಮಾಡಿಯಾಗಿತ್ತು. ಮೇವಿಗೆಂದೇ ಒತ್ತಾಗಿ ಬಿತ್ತಿದ ಜೋಳ ಅದು. ಅಲ್ಲಿ ‘ಚರಿ’ ಅನ್ನುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಹಿಡಿಯಷ್ಟು ದಂಟು ಬಾಗಿಸಿ, ಬಲಗೈಯ ಕುಡಗೋಲನ್ನು ಬುಡಕ್ಕೆ ಹಾಕಿ ಎಳೆದರೆ ‘ಚರಕ್’. ಹೊರೆ ತಲೆಗೇರಿ ಮನೆ ಸೇರಿದ ಮೇಲೆ ಮೇವು ಕತ್ತರಿಸುವ ಗಂಡಾಸದ ದೊಡ್ಡ ಚಕ್ರ ತಿರುಗುತ್ತದೆ, ದಂಟು ತುಂಡುತುಂಡಾಗಿ ಬೀಳುತ್ತದೆ. ಎಮ್ಮೆಗಳು ಆ ಸದ್ದು ಕೇಳಿಯೇ ಗೋಣು ಎತ್ತುತ್ತವೆ.

ಹೊಲದ ತುದಿಯಲ್ಲಿ ಒಂದು ಪಟ್ಟಿ ಮಾತ್ರ ಕೊಯ್ಯದೆ ಉಳಿದಿತ್ತು. ‘ಅಲ್ಲಿಗೆ ನೀರು ಏರಿಲ್ಲ, ಕೊಯ್ದು ಹಾಕಿದರೆ ಎಮ್ಮೆ ಸಾಯುತ್ತೆ’ ಅಂದರು ತಾಊಜಿ. ನನಗೆ ಥಟ್ಟನೆ ಅಜ್ಜನ ದನಿ ಕೇಳಿದಂತಾಯಿತು. ಕೊಯ್ದ ಜೋಳದ ಬುಡದಲ್ಲಿ ಮತ್ತೆ ಚಿಗುರುವ ಕೂಳೆಯ ಹತ್ತಿರ ಕರು ಸುಳಿದರೆ ಸಾಕು, ‘ಏ, ಹೊಡಿ ಅದನ್ನ! ಕೂಳಿ ತಿಂದ್ರ ಉಳಿಯಂಗಿಲ್ಲ!’ ಎಂದು ಕೂಗುತ್ತಿದ್ದ. ನೀರಿಲ್ಲದೆ ಬಾಡಿದ ಎಳೆ ಜೋಳವನ್ನು ದನ ತಿಂದರೆ ಹೊಟ್ಟೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ನೀರು ಕಟ್ಟಿ, ಹೂ ಬಂದ ಮೇಲೆ ಕೊಯ್ದದ್ದಕ್ಕೆ ಅಷ್ಟು ಭಯವಿಲ್ಲ. ರಸಾಯನಶಾಸ್ತ್ರ ಓದದ ಇಬ್ಬರು ಮುದುಕರು, ನಡುವೆ ಅರ್ಧ ದೇಶದ ದೂರ, ಹೆದರಿಕೆ ಮಾತ್ರ ಒಂದೇ.

ಹತ್ತಾಗುತ್ತಿದ್ದಂತೆ ಪಶ್ಚಿಮದಿಂದ ಲೂ ಎಂಬ ಬಿಸಿಗಾಳಿ ಬೀಸತೊಡಗಿತು. ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ. ಇನ್ನು ಹೊಲದಲ್ಲಿ ಯಾರಿಗೂ ಕೆಲಸವಿಲ್ಲ. ಬೇವಿನ ನೆರಳಿಗೆ ಹಗ್ಗದ ಮಂಚಗಳು ಬಂದವು, ಮಂಚಕ್ಕೊಂದು ಹುಕ್ಕಾ, ಹುಕ್ಕಾಕ್ಕೊಂದು ತಕರಾರು. ಒಳಗಿನಿಂದ ರಾಬಡಿ ಬಂತು. ಇದು ಹಾಲಿನದಲ್ಲ, ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕುದಿಸಿ, ರಾತ್ರಿಯಿಡೀ ಆರಲು ಬಿಟ್ಟದ್ದು. ಒಂದು ಗುಟುಕು ಕುಡಿದು, ಇದು ನಮ್ಮ ಅಂಬಲಿಯಲ್ಲವೇ ಎಂದು ಬಾಯಿಬಿಟ್ಟೆ ನೋಡಿ, ಜಗಳ ಶುರು. ಜೋಳದ್ದು ಹೆಚ್ಚೋ ಸಜ್ಜೆಯದು ಹೆಚ್ಚೋ? ಆ ಹೊತ್ತಿಗೆ ಯಮುನೆಯ ಮರಳಿನಲ್ಲಿ ಬೆಳೆದ ಕರಬೂಜ ಹೆಚ್ಚಿಕೊಂಡು ಬಂದರು, ವಾದ ಅಲ್ಲಿಗೇ ನಿಂತಿತು. ತಿಂದು, ಮಂಚದ ಮೇಲೆ ಉರುಳಿಕೊಂಡದ್ದಷ್ಟೇ ಗೊತ್ತು. ಇಂಥ ಮಧ್ಯಾಹ್ನದ ನಿದ್ದೆಯನ್ನು ಏಸಿ ಕೋಣೆಯಲ್ಲಿ ಯಾರಾದರೂ ಮಾಡಿ ತೋರಿಸಲಿ.

ತಿರುಗಿ ಬಂದ ಮೇಲೆ ತಾಊಜಿ ನಮ್ಮ ಲಾನಿಗೊಂದು ದಾರಿ ಹುಡುಕಿದರು. ಊರಿನಿಂದ ಹಾಲು ತರುವ ಹುಡುಗ ಖಾಲಿ ಕ್ಯಾನುಗಳ ಜೊತೆ ಹುಲ್ಲಿನ ಚೀಲವನ್ನೂ ಒಯ್ಯುವುದು. ಒಯ್ದ. ಎಮ್ಮೆ ಮೂಸಿ ಮುಖ ತಿರುಗಿಸಿತಂತೆ. ಯಂತ್ರ ಸಣ್ಣಗೆ ಕೊಚ್ಚಿದ ಹಸಿ ಹುಲ್ಲು ಚೀಲದಲ್ಲಿ ಬೇಗ ಬಿಸಿಯಾಗಿ ಹುಳಿಯುತ್ತದೆ. ತಿನ್ನದೇ ಇದ್ದದ್ದೇ ಒಳ್ಳೆಯದು. ಹಾಗಾಗಿ ಈ ವಾರ ತಾಊಜಿ ಮಾಲಿಯ ಕೈಗೆ ಕುಡಗೋಲು ಕೊಟ್ಟು, ‘ಯಂತ್ರ ಬಿಡು, ಇದರಲ್ಲಿ ಕೊಯ್ಯಿ’ ಅಂದರು. ಅವನು ಕುಡಗೋಲನ್ನು ತಿರುಗಿಸಿ ನೋಡಿ, ಇದಕ್ಕೆ ಕೂಲಿ ಎರಡರಷ್ಟು ಅಂದ. ಗೋಡೆಯ ಆ ಕಡೆಯಿಂದ ಅವರು, ಈ ಕಡೆಯಿಂದ ನಾನು ಚೌಕಾಸಿಗಿಳಿದೆವು. ಮಾಲಿ ನೆರಳಿಗೆ ಕೂತು ಬೀಡಿ ಹಚ್ಚಿ, ‘ಮೊದಲು ದುಡ್ಡು ಕೊಡುವವರು ಯಾರು ಅಂತ ನೀವಿಬ್ಬರೂ ತೀರ್ಮಾನ ಮಾಡಿಕೊಳ್ಳಿ’ ಅಂದ.