ಹೂಮರಿಗಳ ಪ್ರಮಾಣಮೀಮಾಂಸೆ

ಜ್ಞಾನವು ಎಲ್ಲಿಂದ ಹುಟ್ಟುವುದೆಂಬ ಪ್ರಶ್ನೆಗಾಗಿ ನಮ್ಮ ತಾರ್ಕಿಕರು ಶತಮಾನಗಳ ಕಾಲ ತಾಳೆಗರಿಗಳನ್ನು ಸವೆಸಿದರಾದರೂ, ಅವರಲ್ಲೊಬ್ಬರೂ ಹಿತ್ತಿಲಿಗೆ ದಯಮಾಡಿಸಿ, 21 ದಿನಗಳ ಕಾವಿನ ತರುವಾಯ ಚಿಪ್ಪೊಡೆದು ಹೊರಬಂದ ಕೋಳಿಯ ಹೂಮರಿಯ ಅಭಿಪ್ರಾಯವನ್ನು ಕೇಳದೆ ಹೋದುದು ದರ್ಶನಶಾಸ್ತ್ರದ ಮಹಾಲೋಪವೆಂದೇ ಹೇಳಬೇಕಾಗಿದೆ.

ಹೂಮರಿಯ ಮತದಲ್ಲಿ ಪ್ರಮಾಣಗಳು ಮೂರು. ಮೊದಲನೆಯದು ಚಂಚುಪ್ರತ್ಯಕ್ಷ, ಎಂದರೆ, ಕೊಕ್ಕಿಗೆ ಎಟುಕಿದುದೇ ಸತ್ತು, ಎಟುಕದುದು ಮಿಥ್ಯೆ. ನುಚ್ಚು, ರಾಗಿಕಾಳು, ಗೆದ್ದಲು, ಮೊಳೆಯ ತಲೆ, ಯಜಮಾನರ ಅಂಗಿಯ ಗುಂಡಿ, ಕಡೆಗೆ ಒಡಹುಟ್ಟಿದವನ ಕಾಲ್ಬೆರಳು, ಇವೆಲ್ಲವನ್ನೂ ಅದು ಸಮದರ್ಶಿತ್ವದಿಂದ ಕುಕ್ಕಿ ಪರೀಕ್ಷಿಸುತ್ತದೆ. ಚಿಪ್ಪೊಡೆಯುವ ಮುನ್ನವೇ ಹೊಟ್ಟೆಯೊಳಕ್ಕೆ ಸೆಳೆದುಕೊಂಡ ಹಳದಿ ಭಂಡಾರದ ಬಲದಿಂದ ಅದು ಮೊದಲೆರಡು ದಿನ ನಿರಾಹಾರವಾಗಿಯೇ ಇರಬಲ್ಲುದಾದುದರಿಂದ, ಈ ಸಂಶೋಧನೆಗೆ ಹಸಿವು ಕಾರಣವಲ್ಲ, ಶುದ್ಧ ಜಿಜ್ಞಾಸೆಯೇ ಕಾರಣವೆಂಬುದು ನಿರ್ವಿವಾದ.

ಎರಡನೆಯದು ಅನುಮಾನ: ಎಲ್ಲೆಲ್ಲಿ ನೆಲದ ಮೇಲೆ ನೆರಳು ಸರಿಯುವುದೋ ಅಲ್ಲಲ್ಲಿ ಮೇಲೆ ಹದ್ದುಂಟು. ಅಜ್ಜಿಯು ಒಣಹಾಕಲೆಂದು ಸೀರೆಯನ್ನು ಕೊಡವಿದಾಗಲೂ ಮರಿಗಳು ದಿಕ್ಕುಗೆಟ್ಟು ಓಡುವುವಾದುದರಿಂದ ಇದರಲ್ಲಿ ಹೇತ್ವಾಭಾಸವುಂಟೆಂದು ನೈಯಾಯಿಕರು ಆಕ್ಷೇಪಿಸಬಹುದು. ಆದರೆ ಸೀರೆಗೆ ಹೆದರಿದ ಮರಿ ಉಳಿಯಿತು, ಹದ್ದನ್ನು ಸೀರೆಯೆಂದು ಬಗೆದ ಮರಿ ವಾದಕ್ಕೆ ಸಿಕ್ಕುವುದಿಲ್ಲ.

ಮೂರನೆಯದು ಶಬ್ದ, ಅಂದರೆ ತಾಯಿಯಾದ ಹೇಂಟೆಯ ಆಪ್ತವಾಕ್ಯ. ಹುಳು ಸಿಕ್ಕಾಗ ಮೆಲುದನಿಯ ಕೊಕ್‌ಕೊಕ್, ಆಕಾಶದಲ್ಲಿ ಹದ್ದು ಕಂಡಾಗ ಒಂದು ಬಗೆಯ ಕೂಗು, ಬೇಲಿಯ ಸಂದಿಯಲ್ಲಿ ಬೆಕ್ಕೋ ಮುಂಗುಸಿಯೋ ಸುಳಿದಾಗ ಬೇರೊಂದು ಬಗೆಯ ಗದ್ದಲ: ಈ ಭೇದವನ್ನು ಯಾವ ವ್ಯಾಕರಣದ ನೆರವೂ ಇಲ್ಲದೆ ಗ್ರಹಿಸುವ ಶಿಷ್ಯವೃಂದವು ನಮ್ಮ ಪಾಠಶಾಲೆಗಳಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ.

ಇಲ್ಲಿಯೇ ಸಂಪ್ರದಾಯವು ಕವಲೊಡೆಯುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜ ತಳಿಯ ಹೇಂಟೆಗಳು ಮೊಟ್ಟೆಯಿಡುವುದರಲ್ಲಿ ಉದಾರಿಗಳಾದರೂ ಕಾವಿಗೆ ಕೂರುವುದರಲ್ಲಿ ಪರಮ ವಿರಕ್ತರು. ಹೀಗೆ ತಾಯಿಯಿಲ್ಲದ ಮರಿಗಳಿಗೆ ಶ್ರುತಿಯೇ ಇಲ್ಲವಾದ ಪ್ರಯುಕ್ತ, ದೀಪವಾದಿಗಳೆಂಬವರು ಹುಟ್ಟಿಕೊಂಡು, ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹರಡಿ, ಮೇಲೊಂದು ಬಲ್ಬು ತೂಗಹಾಕಿ, ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಲಿ, ಅನಂತರ ವಾರಕ್ಕೆ 5 ಡಿಗ್ರಿ ಇಳಿಸತಕ್ಕದ್ದೆಂದು ವಿಧಿಸಿದರು. ಇವರ ಗೃಹಸ್ಥನು ಮರಿಯೊಂದೊಂದರ ಕೊಕ್ಕನ್ನೂ ನೀರಿನ ತಟ್ಟೆಯಲ್ಲಿ ಅದ್ದಿ, ಇದು ನೀರೆಂದು ಉಪದೇಶಮಾಡುವುದನ್ನು ಕಂಡವರು ಬ್ರಹ್ಮೋಪದೇಶದ ಗಾಂಭೀರ್ಯವನ್ನು ನೆನೆಯದಿರಲಾರರು. ಆ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕದೆ ಬಿಟ್ಟರೆ ಶಿಷ್ಯನು ಅದರಲ್ಲೇ ಮುಳುಗಿ ಸದ್ಯೋಮುಕ್ತಿಯನ್ನು ಪಡೆಯುವುದೂ ಉಂಟು.

ಉಷ್ಣಮಾಪಕವು ಬೇಕೇ ಬೇಡವೇ ಎಂಬ ಚರ್ಚೆ ನನಗೆ ನಿರರ್ಥಕವೆಂದು ತೋರುತ್ತದೆ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ರಾಶಿಬಿದ್ದರೆ ಚಳಿ. ಬಾಯಿ ತೆರೆದು ಏದುತ್ತ ಅಂಚಿಗೆ ಸರಿದರೆ ಸೆಕೆ. ಅಲ್ಲೊಂದು ಇಲ್ಲೊಂದು ಚದರಿ ತೂಕಡಿಸುತ್ತಿದ್ದರೆ ಸಮಾಧಿಸ್ಥಿತಿ. ದೀಪವಾದವು ಖಂಡಿತವಾಗುವುದು ವಿದ್ಯುತ್ತು ಹೋದ ರಾತ್ರಿಯಲ್ಲಿ. ಆಗ ಆ ಮತಾವಲಂಬಿಗಳು ಕುಕ್ಕೆಯ ತಳದಲ್ಲಿ ನಾಟಿ ಹೇಂಟೆಯನ್ನೇ ನಂಬಿದ ಅಜ್ಜಿಯ ಮನೆಯ ಬಾಗಿಲನ್ನು ತಟ್ಟುವರು.

ಆದರೆ ರಾಣಿಖೇತ್ ರೋಗದ ಮುಂದೆ ಪ್ರಮಾಣತ್ರಯವೂ ನಿರುತ್ತರ, ಅಜ್ಜಿಯೂ ನಿರುತ್ತರೆ. ಆದಕಾರಣ ಎರಡು ಮತದವರೂ ವಾದವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮರಿಗಳಿಗೆ 7 ದಿನ ತುಂಬುವಷ್ಟರಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸಿಕೆಯನ್ನು ಪಶುವೈದ್ಯರಿಂದ ಹಾಕಿಸತಕ್ಕದ್ದು.