ಮುಳುಗಿಸುವ ಮೊದಲು ಕಾರವಾರವನ್ನು ಒಂದು ಮಾತು ಕೇಳಿ

ನಾಸಾದ ದೊಡ್ಡ ಸಾಹೇಬರಿಗೆ ಅಂಕೋಲೆಯವನ ನಮಸ್ಕಾರ.

ಬಿಣಗಾ ಘಟ್ಟದಲ್ಲಿ ನಮ್ಮ ಬಸ್ಸು ಬುಸ್ಸೆಂದು ಕೂತು ಬಹಳ ಹೊತ್ತಾಯಿತು. ಡ್ರೈವರು ಬಾನೆಟ್ ಎತ್ತಿ, ನಮ್ಮೆಲ್ಲರ ಕುಡಿಯುವ ನೀರಿನ ಬಾಟಲಿ ಇಸಿದುಕೊಂಡು ರೇಡಿಯೇಟರಿಗೆ ಹೊಯ್ಯುತ್ತಿದ್ದಾನೆ. "ಹಿಂದೆ ಇನ್ನೊಂದು ಬಸ್ ಬರ್ತದೆ, ಅದ್ರಲ್ಲಿ ಹೋಗಿ" ಅಂತ ಕಂಡಕ್ಟರು. ಕಾರವಾರದಲ್ಲಿ ನನ್ನ ಕಾಗದಕ್ಕೆ ಸಹಿ ಹಾಕಬೇಕಾದವರು ಊಟಕ್ಕೆ ಏಳುವುದರೊಳಗೆ ನಾನು ಮುಟ್ಟುವುದು ಸುಳ್ಳು. ಪುರುಸೊತ್ತು ಸಿಕ್ಕಿದೆ, ಬರೆಯುತ್ತಿದ್ದೇನೆ.

ನಿಮ್ಮ ಬಾಹ್ಯಾಕಾಶ ನಿಲ್ದಾಣಕ್ಕೆ ವಯಸ್ಸಾಯಿತಂತೆ. ಮೊದಲ ತುಂಡು ಮೇಲೆ ಹೋದದ್ದು 1998ರಲ್ಲಿ. ಅದನ್ನು ಪೆಸಿಫಿಕ್ ಸಾಗರಕ್ಕೆ ಇಳಿಸಲು 2024ರಲ್ಲೇ ಸ್ಪೇಸ್‌ಎಕ್ಸ್ ಕಂಪನಿಗೆ 84 ಕೋಟಿ ಡಾಲರ್ ತನಕದ ಗುತ್ತಿಗೆ ಕೊಟ್ಟಿದ್ದೀರಿ. ಸುಮ್ಮನೆ ಯಾಕೆ ಖರ್ಚು? ಕಾರವಾರಕ್ಕೆ ಕಳಿಸಿ. ಟಾಗೋರ್ ಕಡಲತೀರದಲ್ಲಿ ನಿವೃತ್ತ ಯುದ್ಧನೌಕೆ ಚಪಲ್ ಇದೆ. 1988ರಿಂದ 2017ರವರೆಗೆ ನೌಕಾಪಡೆಯಲ್ಲಿ ದುಡಿದ ಟುಪೊಲೆವ್ ವಿಮಾನವನ್ನೂ ಬಿಚ್ಚಿ, ಲಾರಿಯಲ್ಲಿ ಹೇರಿಕೊಂಡು ಬಂದು ಪಕ್ಕದಲ್ಲಿ ಜೋಡಿಸಿದ್ದಾರೆ. ನಿಮ್ಮದು 420 ಟನ್ನು, ಒಂದಿಷ್ಟು ಒತ್ತಿ ಕೂರಿಸಬಹುದು. ನಾಶ ಮಾಡುವ ಚಿಂತೆಯೇ ಬೇಡ, ನಮ್ಮ ಉಪ್ಪುಗಾಳಿ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ.

ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ನಿಮ್ಮ ನಿಲ್ದಾಣಕ್ಕೆ ಹೊರಟ ದಿನ, 2025ರ ಜೂನ್ 25ರ ಮಧ್ಯಾಹ್ನ, ಬಸ್ ಸ್ಟ್ಯಾಂಡಿನಲ್ಲಿ ಒಂದು ಫೋನಿಗೆ ಹತ್ತು ತಲೆ ಸೇರಿಸಿ ನೋಡಿದೆವು. ಹಳತಾದ ನಿಲ್ದಾಣಕ್ಕೆ ಮನುಷ್ಯರನ್ನು ಕಳಿಸುವುದು ಸರಿಯೇ ಎಂಬ ಜಗಳ ಅಲ್ಲೇ ಹತ್ತಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಹೆಸರುಕಾಳು, ಮೆಂತ್ಯ ಮೊಳಕೆ ಒಡೆಯುವುದು ಆ ಹಳತರಲ್ಲೇ ಎಂದು ನಾನು ವಾದಿಸಿದೆ. ಶುಕ್ಲಾ ಹೊರಡುವ ಮೊದಲು ಅದೆಷ್ಟು ಸಲ ಮುಂದೂಡಿದಿರಿ! ಆದರೆ ಪ್ರತಿ ಸಲ ಕಾರಣ ಹೇಳಿದಿರಿ. ಒಮ್ಮೆ ಹವೆ, ಒಮ್ಮೆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ, ಇನ್ನೊಮ್ಮೆ ನಿಲ್ದಾಣದ ರಷ್ಯನ್ ಭಾಗದಲ್ಲಿ ಗಾಳಿ ಸೋರಿಕೆ. ನನ್ನ ಬಸ್ಸು ಸೋರುವುದನ್ನು ಯಾರಾದರೂ ಹೇಳಿದ್ದಾರೆಯೇ? ಮಳೆಗಾಲದಲ್ಲಿ ಸೀಟಿನ ಮೇಲೆ ಛತ್ರಿ ಬಿಚ್ಚಿ ನಾವೇ ಪತ್ತೆ ಹಚ್ಚಬೇಕು.

ನೀವೂ ಭಾರೀ ಸಾಚಾ ಅಲ್ಲ ಬಿಡಿ. ನಿಮ್ಮ ಗಗನಯಾತ್ರಿ ಸುನೀತಾ ವಿಲಿಯಮ್ಸ್ ಎಂಟು ದಿನಕ್ಕೆಂದು ಸ್ಟಾರ್‌ಲೈನರ್ ನೌಕೆ ಹತ್ತಿ ಹೋದವರು 286 ದಿನ ಮೇಲೆಯೇ ಉಳಿದರು. ಬಂದ ಗಾಡಿ ಖಾಲಿ ವಾಪಸ್ಸು. ಅವರನ್ನೂ ಹಿಂದೆ ಬರುವ ಬಸ್ಸಿಗೇ ಹತ್ತಿಸಿದಿರಿ! ಆದರೆ ಕೆಟ್ಟ ಗಾಡಿಯಲ್ಲಿ ಕೂರಿಸಲಿಲ್ಲ ನೋಡಿ.

ನಮ್ಮಲ್ಲಿ? 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಲಾರಿ ಸಮೇತ ನೀರಿಗೆ ಬಿತ್ತು. ವಯಸ್ಸು ನಾಲ್ಕು ದಶಕ. ಚಾಲಕನ ಪುಣ್ಯ, ಬದುಕಿದ. ಆ ರಾತ್ರಿಯವರೆಗೂ ಸೇತುವೆಯ ಮೇಲೆ ಜನ, ವಾಹನ ಓಡಾಡಿದ್ದವು. ನಿಮ್ಮ ನಿಲ್ದಾಣ ಯಾವಾಗ, ಎಲ್ಲಿ ಬೀಳಬೇಕು ಎಂದು ವರ್ಷಗಟ್ಟಲೆ ಮೊದಲೇ ಲೆಕ್ಕ ಹಾಕುತ್ತಿದ್ದೀರಿ. ಅಲ್ಲಿರುವವರು ಸಾಮಾನ್ಯವಾಗಿ ಏಳೇ ಮಂದಿ. ನಾವು ಸೇತುವೆ ಬಿದ್ದ ಮೇಲೆ ಅದರ ವಯಸ್ಸು ಕೇಳಿದೆವು. ಇದನ್ನು ಬರೆಯುವಾಗ ತಮಾಷೆ ಬರುವುದಿಲ್ಲ, ಸಿಟ್ಟು ಬರುತ್ತದೆ.

ಹಿಂದಿನ ಬಸ್ಸು ಬಂತು. ತುಂಬಿದೆ, ನಿಲ್ಲಿಸಲಿಲ್ಲ. ಅದರ ಹಿಂದೆಯೂ ಒಂದಿದೆಯಂತೆ.

ಸಾಹೇಬರೇ, ನಿಲ್ದಾಣ ಕೊಡದಿದ್ದರೂ ಸರಿ, ನಿಮ್ಮ ಒಬ್ಬ ಇಂಜಿನಿಯರನ್ನು ಒಂದು ವಾರ ಕಳಿಸಿಕೊಡಿ. ಯಾವ ಬಸ್ಸು, ಯಾವ ಸೇತುವೆ ಇನ್ನೆಷ್ಟು ದಿನ ಎಂದು ಬರೆದು, ಸಹಿ ಹಾಕಿ ಹೋಗಲಿ. ಬಂಗಡೆ ಊಟ ನನ್ನ ಖರ್ಚು.

ಇಂತಿ,
ಅಂಕೋಲೆಯ ಒಬ್ಬ ಪ್ರಯಾಣಿಕ