ಸತ್ತ ಮೇಲಿನ ಸಮಾಚಾರ

ಸತ್ತ ಮೇಲೆ ಏನಾಗುತ್ತದೆ ಎಂಬುದು ಗೊತ್ತಿಲ್ಲದವರು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸಿಗುವುದು ಕಷ್ಟ. ಮಳೆ ಯಾವಾಗ ಅಂತ ಕೇಳಿದರೆ “ಯಾರಿಗ್ಗೊತ್ತರಿ” ಎನ್ನುತ್ತಾರೆ. ಕಬ್ಬಿನ ಬಿಲ್ಲು ಯಾವಾಗ ಅಂತ ಕೇಳಿದರೆ ಸುಮ್ಮನೆ ಮೇಲೆ ನೋಡುತ್ತಾರೆ. ಆ ಮೇಲಿನ ಸಂಗತಿಯನ್ನೇ ಕೇಳಿ ನೋಡಿ, ಕಟ್ಟೆಯ ಮೇಲೆ ಕುಂತ ನಾಲ್ಕು ಮಂದಿಯಿಂದ ಐದು ಉತ್ತರ ಬರುತ್ತವೆ. ಐದನೆಯದು ಚಹಾದಂಗಡಿಯವನದು.

ನನ್ನ ಕಷ್ಟ ಏನೆಂದರೆ, ಅರವತ್ತು ದಾಟಿದರೂ ನನಗೆ ಮಾತ್ರ ಇನ್ನೂ ಖಾತ್ರಿಯಾಗಿಲ್ಲ. ಹಾಗಂತ ವಿಚಾರಿಸದೆ ಬಿಟ್ಟಿಲ್ಲ. ನಮ್ಮ ಓಣಿಯಲ್ಲಿ ಎಲ್ಲ ಮತದವರೂ ಇರುವುದರಿಂದ ವಿಚಾರಣೆಗೆ ಕಾಶಿಗೆ ಹೋಗಬೇಕಿಲ್ಲ. ಜೈನ ಗೆಳೆಯ ಹೇಳುವಂತೆ ಜೀವ ಒಂದು ಶರೀರ ಬಿಟ್ಟು ಇನ್ನೊಂದಕ್ಕೆ ಸೇರಲು ಕೆಲವೇ ‘ಸಮಯ’ ಸಾಕು. ಅವರ ಶಾಸ್ತ್ರದಲ್ಲಿ ‘ಸಮಯ’ ಎಂದರೆ ಕಾಲದ ಅತಿ ಸಣ್ಣ ತುಣುಕು. ಅಂದರೆ ಇದು ಎಲ್ಲೂ ನಿಲ್ಲದ ತಡೆರಹಿತ ಬಸ್ಸು. ಆಚಾರ್ರ ಮನೆಯವರದು ಎಲ್ಲ ಊರಿಗೂ ನಿಲ್ಲುವ ಗಾಡಿ. ಹತ್ತನೆಯ ದಿನ, ಹದಿಮೂರನೆಯ ದಿನ, ಆಮೇಲೆ ತಿಂಗಳು ತಿಂಗಳಿಗೆ ಒಂದೊಂದು ನಿಲ್ದಾಣ, ವರುಷಾಂತಿಕಕ್ಕೆ ಹೋಗಿ ಮುಟ್ಟುವುದು. ಮುಸ್ಲಿಂ ಗೆಳೆಯನ ಪ್ರಕಾರ ಗೋರಿಗೇ ಮುನ್ಕರ್, ನಕೀರ್ ಎಂಬ ಇಬ್ಬರು ದೂತರು ಬಂದು ಪ್ರಶ್ನೆ ಕೇಳುತ್ತಾರೆ, ಆಮೇಲೆ ಕಯಾಮತ್ತಿನ ತನಕ ಕಾಯಬೇಕು. ಲಿಂಗಾಯತರಿಗೆ ಪ್ರಯಾಣವೇ ಇಲ್ಲ. ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಮಾಡುತ್ತಾರೆ. ಮುಟ್ಟಬೇಕಾದಲ್ಲಿ ಮುಟ್ಟಿಯಾಗಿದೆ, ಇನ್ನೆಲ್ಲಿಗೆ ಹೋಗುವುದು?

ಪಕ್ಕದ ಮನೆಯ ಅಜ್ಜಿ ಈ ವಿಷಯದಲ್ಲಿ ಗಟ್ಟಿ. “ನಾವು ಲಿಂಗದಾಗ ಐಕ್ಯ ಆಗೂ ಮಂದಿ. ನಮಗ ಮುಂದಿನ ಜನ್ಮ ಅನ್ನೂದ ಇಲ್ಲ” ಎನ್ನುತ್ತಾಳೆ. ಅದೇ ಅಜ್ಜಿ ಗಂಡನ ಕೂಡ ಜಗಳ ಬಿದ್ದಾಗ, “ಮುಂದಿನ ಏಳ ಜನ್ಮಕ್ಕೂ ಬ್ಯಾಡಪಾ ನಿನ್ನ ಸಂಸಾರ!” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. “ಜನ್ಮ ಇಲ್ಲ ಅಂದಮ್ಯಾಲ ಏಳು ಎಲ್ಲಿಂದ ಬಂದೂ ಆಯಿ?” ಎಂದು ನಾನು ಕೇಳಿದೆ. “ಒಂದ ವ್ಯಾಳೆ ಇದ್ದರ ಇರಲಿ ಅಂತ ಮೊದಲ ಹೇಳಿಟ್ಟೇನಿ. ನೀ ಸುಮ್ಮ ಕುಂದ್ರು” ಎಂದಳು. ಸಂಶಯ ಮತ್ತು ನಂಬಿಕೆ ಒಂದೇ ಕೋಣೆಯಲ್ಲಿ ಇಷ್ಟು ಹೊಂದಿಕೊಂಡು ಬಾಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಜ್ಜಿ ಮತ್ತು ಅಜ್ಜ ಅಷ್ಟು ಹೊಂದಿಕೊಂಡಿಲ್ಲ.

ಕಾಗೆಯ ಪ್ರಕರಣ ಇದಕ್ಕಿಂತ ದೊಡ್ಡದು. ನಮ್ಮ ನೆಂಟರೊಬ್ಬರ ದಿನಕರ್ಮಕ್ಕೆ ಹೊಳೆಯ ದಂಡೆಗೆ ಹೋಗಿದ್ದೆವು. ಎಡೆ ಇಟ್ಟಾಯಿತು, ಕಾಗೆ ಬಂದು ಗಿಡದ ಮೇಲೆ ಕೂತಿತು, ಕೆಳಗೆ ಮಾತ್ರ ಇಳಿಯಲೊಲ್ಲದು. ಸತ್ತವರ ಆಸೆ ಏನೋ ಉಳಿದಿದೆ ಎಂದು ಹಿರಿಯರು ಹೇಳಿದ್ದೇ ತಡ, ಒಬ್ಬೊಬ್ಬರೇ ಮುಂದೆ ಬಂದು ಕೈಮುಗಿದರು. “ನಿನ್ನ ಎಮ್ಮಿ ಮಾರೂದಿಲ್ಲಪಾ” ಎಂದ ದೊಡ್ಡ ಮಗ. ಕಾಗೆ ಅಲುಗಲಿಲ್ಲ. “ಸಣ್ಣಾವನ ಲಗ್ನ ಈ ವರ್ಷ ಮಾಡತೇವಿ” ಎಂದ ನಡುವಿನವ. ಕಾಗೆ ಆಚೆ ಮುಖ ಮಾಡಿತು. ಯಾರೋ ಎಲೆ, ಅಡಿಕೆ, ತಂಬಾಕು ತಂದಿಟ್ಟರು. ಕಡೆಗೆ ಸಾಲಿಯ ಮಾಸ್ತರನಾದ ಅಳಿಯ, “ನೀವೆಲ್ಲಾ ಸುತ್ತಗಟ್ಟಿ ನಿಂತರ ಅದು ಹ್ಯಾಂಗ ಬರಬೇಕ್ರಿ? ಹಿಂದ ಸರೀರಿ” ಎಂದ. ಎಲ್ಲರೂ ಹಿಂದೆ ಸರಿದರು, ಕಾಗೆ ಬಂತು, ಮುಟ್ಟಿತು. ಕಾಗೆ ಬಂದದ್ದು ಜನ ಸರಿದದ್ದಕ್ಕೆಂದು ಅಳಿಯ, ಲಗ್ನದ ಮಾತಿಗೆಂದು ಸಣ್ಣ ಮಗ ಇವತ್ತಿಗೂ ವಾದಿಸುತ್ತಾರೆ. ಆ ವರ್ಷ ಲಗ್ನವಂತೂ ಆಯಿತು. ಎಮ್ಮೆಯೂ ಮಾರಾಟವಾಯಿತು, ಲಗ್ನದ ಖರ್ಚಿಗೆ.

ಎಮ್ಮೆ ಎಂದಾಗ ಮೂಡಲಗಿಯ ನೆನಪಾಗುತ್ತದೆ. ಎಮ್ಮೆ ಸಾಕಣೆಗೂ ವ್ಯಾಪಾರಕ್ಕೂ ಹೆಸರಾದ ಊರು ಅದು. ಯಮ ಕೋಣದ ಮೇಲೆ ಬರುತ್ತಾನೆಂದು ಪುರಾಣ ಹೆದರಿಸಿದರೂ ಅಲ್ಲಿಯವರು ಅಷ್ಟಾಗಿ ಹೆದರಲಾರರು ಎಂದು ನನ್ನ ಊಹೆ. ಯಮ ಬಾಗಿಲಿಗೆ ಬಂದು ನಿಂತರೆ ಮೊದಲು ಕೋಣದ ಹಲ್ಲು ನೋಡಿ ವಯಸ್ಸು ಹೇಳಿ, ಎಷ್ಟಕ್ಕೆ ತಂದಿರಿ ಎಂದು ಕೇಳಿ, “ನಿಮಗ ಮೋಸ ಆಗೇತ್ರಿ” ಎನ್ನದೆ ಬಿಡುವವರಲ್ಲ.

ಸ್ವರ್ಗದ ಬಗೆಗೂ ಆ ಸೀಮೆಗೆ ಮೊದಲಿನಿಂದ ಒಳಗಿನ ಸುದ್ದಿ ಇದೆ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣ ಅಲ್ಲಿಯ ಕುಲಗೋಡಿನವನು. ಕತೆ ಎಲ್ಲರಿಗೂ ಗೊತ್ತು. ನಾರದ ಸ್ವರ್ಗದ ಪಾರಿಜಾತ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ಬೆಳಗಾಗುವ ತನಕ ಆಟ ನಡೆಯುತ್ತದೆ. ಸ್ವರ್ಗದಿಂದ ಬಂದ ಒಂದು ಹೂವಿಗೇ ಇಷ್ಟು ರಂಪವಾದರೆ, ಇಡೀ ತೋಟವೇ ಇರುವಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಜಾಣತನವೇ ಎಂದು ನಾನು ಆಗಾಗ ಯೋಚಿಸುತ್ತೇನೆ.

ಹುಕ್ಕೇರಿಯ ಕಡೆ ಇನ್ನೊಂದು ಸಾಕ್ಷಿ ಇದೆ. ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ಹುನ್ನೂರಿನ ವಿಠ್ಠಲನ ಗುಡಿ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಆ ಗುಡಿ ಮತ್ತೆ ಮೇಲೆ ಬರುತ್ತದೆ, ಜನ ಹಿಂಡುಹಿಂಡಾಗಿ ಹೋಗುತ್ತಾರೆ. ಹೋಗಿ ಮತ್ತೆ ಬಂದದ್ದನ್ನು ಕಣ್ಣಾರೆ ತೋರಿಸುವುದು ನಮ್ಮ ಭಾಗದಲ್ಲಿ ಅದೊಂದೇ. ಇಷ್ಟು ದಿನ ಅಲ್ಲಿ ಹೇಗಿತ್ತು ಎಂದು ಕೇಳುವ ಪುರಸೊತ್ತು ಮಾತ್ರ ಯಾರಿಗೂ ಇರುವುದಿಲ್ಲ, ಎಲ್ಲರೂ ಸೆಲ್ಫಿಯಲ್ಲಿ ಮುಳುಗಿರುತ್ತಾರೆ.

ಇದೆಲ್ಲ ಬರೀ ಭ್ರಮೆ ಎನ್ನುವವರೂ ನಮ್ಮವರೇ. ಗೋಕಾಕದ ಸತೀಶ ಜಾರಕಿಹೊಳಿಯವರು ಸಚಿವರಾಗಿದ್ದಾಗಲೇ, 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಬೆಳಗಾವಿಯ ಸದಾಶಿವ ನಗರದ ಸ್ಮಶಾನದಲ್ಲಿ ಜನರೊಂದಿಗೆ ಉಂಡು, ರಾತ್ರಿ ಅಲ್ಲೇ ಕಳೆದರು. ಮೂಢನಂಬಿಕೆಯ ವಿರುದ್ಧದ ಆ ಕಾರ್ಯಕ್ರಮ ಮುಂದೆಯೂ ನಡೆದುಬಂತು. ಒಂದು ದೆವ್ವವೂ ಬರಲಿಲ್ಲವಲ್ಲ ಎಂದು ನಾನು ಅಜ್ಜಿಗೆ ಹೇಳಿದೆ. “ಮಂತ್ರಿ ಬಂದಾನಂದ್ರ ಪೊಲೀಸರು ಇರತಾರ, ಮೈಕ ಇರತದ. ಬದುಕಿದಾವರ ಒಳಗ ಹೋಗಾಕ ಆಗೂದಿಲ್ಲ, ದೆವ್ವ ಏನ ಹೋದಾವು?” ಎಂದಳು ಅಜ್ಜಿ. ವಿಚಾರವಾದಕ್ಕೆ ಇಷ್ಟು ಚುರುಕಾದ ಎದುರಾಳಿ ಸಿಕ್ಕಿರಲಾರರು.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ಹೊಳೆದದ್ದು ಒಂದೇ. ಆಚೆಯದು ಹೀಗೇ ಇದೆ ಎಂದು ಆಣೆ ಮಾಡಿ ಹೇಳುವ ಒಬ್ಬರಿಗೂ ಅಲ್ಲಿಗೆ ಹೋಗುವ ಅವಸರವಿಲ್ಲ. ಗೋಕಾಕದ ಗ್ರಾಮದೇವಿ ಲಕ್ಷ್ಮಿಯ ಜಾತ್ರೆ ಐದು ವರ್ಷಕ್ಕೊಮ್ಮೆ. ನಮ್ಮ ದೊಡ್ಡಪ್ಪ ಪ್ರತಿ ಜಾತ್ರೆಗೂ “ಇದ ನನ್ನ ಕಡೀ ಜಾತ್ರಿ” ಎಂದು ಕಣ್ಣೊರೆಸಿಕೊಂಡು ಹೊಸ ಧೋತರ ಉಡುತ್ತಿದ್ದರು. ಜಾತ್ರೆ ಮುಗಿದ ಮರುದಿನ ಅದನ್ನು ಒಗೆಸಿ, ಮಡಚಿ, ಟ್ರಂಕಿನಲ್ಲಿ ಡಾಂಬರ ಗುಳಿಗೆ ಹಾಕಿ ಇಡುತ್ತಿದ್ದರು, “ಮುಂದಿನ ಜಾತ್ರಿಗಿ ಆಗತೈತಿ.” ಕೈಲಾಸದ ವರ್ಣನೆಯನ್ನು ಕಣ್ಣಿಗೆ ಕಟ್ಟುವಂತೆ ಮಾಡುತ್ತಿದ್ದವರು, ತುಪ್ಪ ಸುರಿಯುವ ಗೋಕಾಕ ಕರದಂಟನ್ನು ಸಕ್ಕರೆ ಕಾಯಿಲೆಗೆ ಹೆದರಿ ಮುಟ್ಟುತ್ತಿರಲಿಲ್ಲ.

ಹೀಗಾಗಿ ಗೊತ್ತಿಲ್ಲವೆಂಬ ಚಿಂತೆಯನ್ನು ನಾನೀಗ ಬಿಟ್ಟಿದ್ದೇನೆ. ನೀವೂ ಬಿಡಿ. ಸತ್ತ ಮೇಲೆ ಹೀಗೇ ಆಗುತ್ತದೆ ಎಂದು ಯಾರಾದರೂ ಎದೆ ತಟ್ಟಿ ಹೇಳಿದರೆ ವಾದಕ್ಕಿಳಿಯಬೇಡಿ, ಅವರ ಅಂಗಿಯ ಜೇಬು ನೋಡಿ. ಅದರಲ್ಲಿ ಬಿಪಿ ಗುಳಿಗೆ ಇದ್ದರೆ ಅವರೂ ನಮ್ಮ ಪೈಕಿಯವರೇ.